ದೊಡ್ಡ ಹದ್ದು, ಬಿಳಿ ಹದ್ದು

ಕೊಟ್ರೇಶಪ್ಪನಿಗೆ ಡಾಕ್ಟರ್ ಅನ್ನಿಸಿಕೊಳ್ಳುವುದೆಂದರೆ ಜೀವ. ಖರೇ ಹೇಳಬೇಕೆಂದರೆ ಅವನು ಕಾರೇಗುಡ್ಡದ ದನದ ದವಾಖಾನೆಯ ಕಂಪೌಂಡರ್. ಡಾಕ್ಟರ್ ಬೇರೆ ಇದ್ದರು. ವಾರಕ್ಕೆರಡು ಸಲ ಬಸ್ಸಿಳಿದು ಬಂದು, ರಿಜಿಸ್ಟರಿಗೆ ಸಹಿ ಹಾಕಿ, ಚಹಾ ಕುಡಿದು, ಅದೇ ಬಸ್ಸು ಗುತ್ತಲಕ್ಕೆ ಹೋಗಿ ತಿರುಗಿ ಬರುವಷ್ಟರಲ್ಲಿ ಮತ್ತೆ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಆಕಳು ಈಯಲಾರದೆ ಒದ್ದಾಡುವಾಗ ಕೈ ಹಾಕುವವನು, ಎತ್ತಿನ ಕೊಂಬಿಗೆ ಹುಳ ಬಿದ್ದರೆ ತೊಳೆಯುವವನು, ತಬ್ಬಲಿ ಆಡಿನ ಮರಿಗೆ ಬಾಟಲಿ ಹಿಡಿಯುವವನು ಕೊಟ್ರೇಶಪ್ಪನೇ. ಹೀಗಾಗಿ ಊರವರ ಬಾಯಲ್ಲಿ ಅವನೇ ಡಾಕ್ಟರಪ್ಪ. ಅವನೂ ಬೇಡವೆನ್ನಲಿಲ್ಲ. ಬೇಡವೆನ್ನುವಷ್ಟು ದೊಡ್ಡ ಮನಸ್ಸು ಯಾರಿಗಿದೆ ಹೇಳಿ.

ದನ ನರಳುವುದನ್ನು ಮಾತ್ರ ಅವನಿಗೆ ನೋಡಲಾಗುತ್ತಿರಲಿಲ್ಲ. ಕಾರೇಗುಡ್ಡದಲ್ಲಿ ದುಡಿದ ಎತ್ತನ್ನು, ಹಾಲು ಕೊಟ್ಟ ಆಕಳನ್ನು ಕೊನೆಗಾಲಕ್ಕೆ ಮಾರುವ ರೂಢಿ ಇಲ್ಲ. ಅದು ತಾನಾಗಿ ಸಾಯುವವರೆಗೆ ಮನೆಯವರು ಸರದಿಯ ಮೇಲೆ ತಲೆಯ ಹತ್ತಿರ ಕುಳಿತು ಬಾಯಿಗೆ ನೀರು ಬಿಡುತ್ತಾರೆ, ಬೆನ್ನು ಸವರುತ್ತಾರೆ. ಸತ್ತ ಮೇಲೆ ಹಣೆಗೆ ಕುಂಕುಮ ಹಚ್ಚಿ, ಲಕ್ಷ್ಮಪ್ಪನ ಚಕ್ಕಡಿಯಲ್ಲಿ ಹೇರಿ ಊರ ಹೊರಗಿನ ಹಾಳುಬಯಲಿಗೆ ಕಳಿಸುತ್ತಾರೆ. ಹದ್ದು ತಿಂದರೆ ಜನ್ಮ ಸಾರ್ಥಕ ಎಂಬುದು ಹಿರಿಯರ ಲೆಕ್ಕ. ಆದರೆ ಈ ಸರದಿ ಕಾಯುವುದು ಒಂದು ದಿನಕ್ಕೂ ಮುಗಿಯಬಹುದು, ನಾಲ್ಕು ದಿನಕ್ಕೂ ಎಳೆಯಬಹುದು. ಆ ನಾಲ್ಕು ದಿನ ಓಣಿಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಅಂಥ ಊರಿಗೆ ಹನ್ನೆರಡು ವರ್ಷದ ಹಿಂದೆ ನೋವಿನ ಇಂಜೆಕ್ಷನ್ ಬಂತು. ಚುಚ್ಚಿದ ಅರ್ಧ ತಾಸಿಗೆ ಎತ್ತಿನ ನರಳಾಟ ನಿಂತು ಕಣ್ಣು ತಣ್ಣಗಾಗುತ್ತಿದ್ದವು. ಕೊಟ್ರೇಶಪ್ಪ ಅದನ್ನು ದೇವರ ಪ್ರಸಾದದ ಹಾಗೆ ಹಂಚಿದ. ತಾನು ಇಲ್ಲದ ಹೊತ್ತಿಗೂ ಬೇಕಾದೀತೆಂದು ಮನೆಮನೆಗೆ ಒಂದು ಬಾಟಲಿ, ಒಂದು ಸಿರಿಂಜು ಕೊಟ್ಟು, ಹೆಣ್ಣುಮಕ್ಕಳಿಗೆ ಚುಚ್ಚುವುದನ್ನು ಕಲಿಸಿದ. ಮೊದಲು ಬದನೆಕಾಯಿಗೆ ಚುಚ್ಚಿಸಿ, ಆಮೇಲೆ ದನಕ್ಕೆ. ಎರಡು ವರ್ಷದ ಹಿಂದೆ ಸರಕಾರ ಆ ಔಷಧವನ್ನು ದನಗಳಿಗೆ ಕೊಡಬಾರದೆಂದು ಬಂದ್ ಮಾಡಿತು. ಯಾಕೆಂದು ಅವನಿಗೆ ಯಾರೂ ಹೇಳಲಿಲ್ಲ. ಒಂದು ಕಾಗದ ಬಂತು, ಫೈಲಿಗೆ ಹೋಯಿತು. ಅವನು ಔಷಧದ ಅಂಗಡಿಯಿಂದ ಮನುಷ್ಯರಿಗೆ ಕೊಡುವ ಅದೇ ಇಂಜೆಕ್ಷನ್ ತರಲಾರಂಭಿಸಿದ. ಸರಕಾರಕ್ಕೇನು ಗೊತ್ತು ದನದ ಸಂಕಟ, ಎಂದು ಬೈದುಕೊಂಡ.

ಎರಡು ಸಾವಿರದ ಎಂಟನೆಯ ಇಸವಿ ಜನವರಿಯಲ್ಲಿ ಭುವನಾ ಬಂದಳು. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು, ಧಾರವಾಡದಲ್ಲಿ ಎಮ್ಮೆಸ್ಸಿ ಓದುತ್ತಿದ್ದವಳು. ರಾಣೆಬೆನ್ನೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ದಿನಾ ಮುಂಜಾನೆಯ ಬಸ್ಸಿಗೆ ಬರುತ್ತಿದ್ದಳು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ವಹಿ. ಹದ್ದು ಎಣಿಸಲಿಕ್ಕೆ ಬಂದೇನಿ ಎಂದಾಗ ಚಹಾದಂಗಡಿಯಲ್ಲಿ ಕುಳಿತವರು ಮುಖಮುಖ ನೋಡಿಕೊಂಡರು. ಇಷ್ಟು ಓದಿ ಇದನ್ನು ಮಾಡುವುದೇ ಎಂಬುದು ಅವರ ಚಿಂತೆ. ಊರಲ್ಲಿ ದನದ ವಿಷಯ ಬಲ್ಲವರು ಯಾರು ಎಂದು ಕೇಳಿದ್ದಕ್ಕೆ ಹತ್ತು ಕೈಗಳು ದವಾಖಾನೆಯ ಕಡೆ ತೋರಿದವು. ಕೊಟ್ರೇಶಪ್ಪ ಅಂದೇ ಅವಳಿಗೆ ಕಾಕಾ ಆದ.

ಅವನೇ ಅವಳನ್ನು ಹಾಳುಬಯಲಿಗೆ ಕರೆದುಕೊಂಡು ಹೋದ. ಅಲ್ಲಿ ಎಲುಬಿನ ಗುಡ್ಡೆಗಳ ನಡುವೆ ಏಳು ಬಿಳಿ ಹದ್ದು ಕುಪ್ಪಳಿಸುತ್ತ ಓಡಾಡುತ್ತಿದ್ದವು. ಹಳದಿ ಮೋರೆ, ತಲೆಯ ಹಿಂದೆ ಎಣ್ಣೆ ಕಾಣದ ಕೂದಲಿನಂತೆ ಕೆದರಿ ನಿಂತ ಪುಕ್ಕ.

"ಎಣಿಸ್ಕೋ ತಂಗಿ" ಎಂದ ಹೆಮ್ಮೆಯಿಂದ. "ಬ್ಯಾರೆ ಊರಾಗ ಹದ್ದು ಇಲ್ಲಾ ಅಂತಾರಲ್ಲ, ನಮ್ಮೂರಾಗ ನೋಡು, ಏಳು ಅದಾವು."

ಭುವನಾ ನಕ್ಕಳು. "ಕಾಕಾ, ಇವು ಬ್ಯಾರೆ, ನಾ ಹುಡುಕಾಕತ್ತಿದ್ದು ಬ್ಯಾರೆ. ಅಲ್ಲಿ ನೋಡ್ರಿ" ಎಂದು ದುರ್ಬೀನನ್ನು ಅವನ ಕೊರಳಿಗೆ ಹಾಕಿ ಊರ ಹಿಂದಿನ ಬಂಡೆಗೆ ತಿರುಗಿಸಿದಳು.

ನಡುಬಂಡೆಯ ಸಂದಿಯಲ್ಲಿ ಕಡ್ಡಿಯ ಗೂಡು. ಅದರ ಅಂಚಿಗೆ ಒಂದು ಭಾರೀ ಹಕ್ಕಿ ಕುಳಿತಿತ್ತು. ಮಣ್ಣಿನ ಬಣ್ಣದ ಮೈ, ಬೋಳು ಕುತ್ತಿಗೆ, ಉದ್ದ ಕೊಕ್ಕು. ಅದು ರೆಕ್ಕೆ ಬಿಚ್ಚಿದಾಗ ಬಂಡೆಯ ಆ ಸಂದಿಯೇ ಮುಚ್ಚಿಹೋಯಿತು. ಕಾಲ ಬಳಿ ಬೂದಿ ಬಣ್ಣದ, ಹತ್ತಿಯ ಉಂಡೆಯಂಥ ಮರಿಯೊಂದು ಅಲುಗಾಡಿತು.

"ಅದು ದೊಡ್ಡ ರಣಹದ್ದು. ಹಾವೇರಿ ಜಿಲ್ಲಾದಾಗ ನಾ ಇಲ್ಲೀತನಕ ನೋಡಿದ್ದು ಇದೊಂದಽ ಜೋಡಿ. ವರ್ಷಕ್ಕ ಒಂದಽ ತತ್ತಿ. ಆ ಮರಿ ಯುಗಾದಿ ಹೊತ್ತಿಗೆ ಹಾರತೈತಿ. ಹಾರಿತಂದ್ರ ಮೂರು."

"ಮೂರಽ?" ಕೊಟ್ರೇಶಪ್ಪನಿಗೆ ನಗೆ ಬಂತು. "ನಾ ನೌಕರಿಗೆ ಬಂದಾಗ ಒಂದು ಎಮ್ಮಿ ಬಿದ್ರ ನೂರು ಇಳೀತಿದ್ವು. ಲಕ್ಷ್ಮಪ್ಪ ಚಕ್ಕಡಿ ಹೊಳ್ಳಿಸಿಕೊಳ್ಳೂದರಾಗ ಎಲುಬು ಉಳೀತಿತ್ತು. ಅವು ಎಲ್ಲೋ ಬ್ಯಾರೆ ಸೀಮಿಗೆ ಹೋಗ್ಯಾವು, ಬರ್ತಾವು."

"ಹೋಗಿಲ್ಲ ಕಾಕಾ. ಸತ್ತಾವು. ಹದಿನೈದು ವರ್ಷದಾಗ ನೂರಕ್ಕ ತೊಂಬತ್ತೇಳು ಸತ್ತು ಹೋಗ್ಯಾವು. ಇನ್ನ ಸ್ವಲ್ಪಕ್ಕ ನಾಶ ಆಗೋ ಹಕ್ಕಿ ಅಂತ ಅದನ್ನ ಪಟ್ಟಿಗೆ ಹಾಕ್ಯಾರು. ಈ ಬಿಳೀದು ಅದರ ದಾಯಾದಿ. ಇದೂ ಕಡಿಮಿ ಆಗಾಕತ್ತೈತಿ, ಹೋದ ವರ್ಷ ಇದನ್ನೂ ಪಟ್ಟಿಗೆ ತಗೊಂಡರು. ಆದ್ರ ಅದರಷ್ಟು ಅಲ್ಲ."

"ಯಾತಕ್ಕ ಸತ್ತುವು?"

ಭುವನಾ ಕಲ್ಲಿನ ಮೇಲೆ ಕುಳಿತು ನೀರು ಕುಡಿದಳು. ಆಮೇಲೆ, ಹವಾಮಾನದ ಮಾತಾಡುವಷ್ಟು ಸಲೀಸಾಗಿ ಹೇಳಿದಳು. "ದನಕ್ಕ ಕೊಡೋ ನೋವಿನ ಇಂಜೆಕ್ಷನ್ನಿಂದ. ಡೈಕ್ಲೋಫಿನ್ಯಾಕ್ ಅಂತ. ಅದನ್ನ ಚುಚ್ಚಿದ ದನ ಒಂದೆರಡು ದಿನದಾಗ ಸತ್ರ, ಅದರ ಮಾಂಸದಾಗ ಔಷಧ ಉಳಿದಿರತೈತಿ. ತಿಂದ ಹದ್ದಿನ ಕಿಡ್ನಿ ಕೆಡತಾವು. ಎರಡು ದಿನ ಕುತಿಗಿ ಜೋತುಬಿಟ್ಟು ಕುಂದರತಾವು, ಆಮ್ಯಾಲ ಗಿಡದಿಂದ ಬೀಳತಾವು."

ಕೊಟ್ರೇಶಪ್ಪನ ಕೈಯಿಂದ ದುರ್ಬೀನು ಜಾರಿ ಎದೆಗೆ ಬಡಿಯಿತು. ಅವನು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆದರೆ ಇಪ್ಪತ್ತೈದು ವರ್ಷ ದನದ ಕೆಲಸ ಮಾಡಿದವನಲ್ಲವೇ, ವಾದ ತಾನಾಗಿಯೇ ನಾಲಿಗೆಗೆ ಬಂತು.

"ಹೆಂಗ ಸಾಧ್ಯ? ಒಂದಽ ದನ ತಿಂತಾವಲ್ಲ ಎರಡೂ. ಔಷಧದಿಂದ ದೊಡ್ಡವು ಸತ್ತಿದ್ರ ಈ ಬಿಳೇವೂ ಸಾಯಬೇಕಿತ್ತಲ್ಲ. ಇವು ನೋಡು, ಹೆಂಗ ಕುಣದಾಡಾಕತ್ತಾವು."

"ಎಲ್ಲಾರೂ ಇದನ್ನಽ ಕೇಳತಾರ ಕಾಕಾ. ದೊಡ್ಡ ಹದ್ದು ಮೊದಲು ಪಂಕ್ತಿಗೆ ಕುಂದರತೈತಿ. ಹೊಟ್ಟಿ ಹರದು ಕರಳು, ಯಕೃತ್ತು, ತೊಡಿ ಮಾಂಸ ತಿಂತೈತಿ. ಔಷಧ ಇರೋದು ಅಲ್ಲೇ. ಈ ಬಿಳಿ ಹದ್ದಿಗೆ ಕೊಕ್ಕು ಸಣ್ಣದು, ತೊಗಲು ಹರಿಯಾಕ ಬರೂದಿಲ್ಲ. ಕಡೀ ಪಂಕ್ತಿ. ಎಲುಬಿಗೆ ಹತ್ತಿದ್ದು, ಸಗಣಿ, ಹುಳ, ಇಲಿ, ಏನು ಸಿಕ್ಕರೂ ತಿಂತೈತಿ. ವಿಷ ಕಡಿಮಿ ಸಿಗತೈತಿ, ಉಳಕೊಂತೈತಿ. ಈಗ ದೊಡ್ಡವು ಇಲ್ಲ, ಇವಽ ಮೊದಲ ಪಂಕ್ತಿಗೆ ಬಂದಾವು. ಅದಕ್ಕಽ ಇವೂ ಸಾಯಾಕತ್ತಾವು." ಅವಳು ವಹಿ ತೆರೆದು ಪೆನ್ನು ಹಿಡಿದಳು. "ನಿಮ್ಮೂರಾಗ ಅದನ್ನ ಯಾರರ ಹಾಕತಾರೇನ್ರಿ?"

"ಇಲ್ಲ" ಎಂದ ಕೊಟ್ರೇಶಪ್ಪ. "ಬಂದ್ ಆಗೇತೆಲ್ಲಾ."

ಅವಳು ಹಾಗೆಯೇ ಬರೆದುಕೊಂಡಳು.

ಅಂದು ಅವನು ಮನೆಗೆ ಹೋಗಿ ಊಟಕ್ಕೆ ಕುಳಿತವನು ರೊಟ್ಟಿ ಮುರಿದು ಹಾಗೆಯೇ ಇಟ್ಟ. ಹೆಂಡತಿ ಸುರೇಖಾ ಪಲ್ಯ ಸಪ್ಪಗಾಯಿತೇನು ಎಂದು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಹಾಳುಬಯಲ ಅಂಚಿನ ಬೇವಿನ ಮರಗಳು ಕಣ್ಣೆದುರು ನಿಂತಿದ್ದವು. ಆ ಮರಗಳ ಮೇಲೆ ಹದ್ದುಗಳು ಕುತ್ತಿಗೆ ಇಳಿಬಿಟ್ಟು ಕುಳಿತದ್ದನ್ನು ಅವನು ಒಂದಲ್ಲ, ಹತ್ತಾರು ಸಲ ನೋಡಿದ್ದ. ಹೊಟ್ಟೆ ತುಂಬಿ ತೂಕಡಿಸುತ್ತಿವೆ ಎಂದು ತಮಾಷೆ ಮಾಡಿದ್ದ. ಮರದ ಕೆಳಗೆ ಸತ್ತು ಬಿದ್ದವನ್ನು ಲಕ್ಷ್ಮಪ್ಪ ತೋರಿಸಿದಾಗ, ವಯಸ್ಸಾಗಿರಬೇಕು ಬಿಡು ಅಂದಿದ್ದ. ದನದ ಕಣ್ಣಿನ ಬಣ್ಣ ನೋಡಿ ರೋಗ ಹೇಳುವವನು, ನೂರು ಹಕ್ಕಿಗೆ ಒಟ್ಟಿಗೆ ವಯಸ್ಸಾದೀತೇ ಎಂದು ಯೋಚಿಸಿರಲಿಲ್ಲ.

ಮರುದಿನ ಅವನು ದವಾಖಾನೆಯ ಕಪಾಟಿನಲ್ಲಿದ್ದ ಅಷ್ಟೂ ಬಾಟಲಿಗಳನ್ನು ಗುಂಡಿ ತೋಡಿ ಹೂತ. ಆಮೇಲೆ ಮನೆಮನೆಗೆ ಹೋದ. ಇಲ್ಲಿಯೇ ಅವನು ಎಡವಿದ್ದು. ಹೋದವನು ಇದ್ದದ್ದು ಇದ್ದಂತೆ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹನ್ನೆರಡು ವರ್ಷ ಡಾಕ್ಟರಪ್ಪ ಅನ್ನಿಸಿಕೊಂಡ ಬಾಯಿ, ನಾನೇ ಕೊಂದೆ ಎಂದು ಹೇಗೆ ಅಂದೀತು? ಪ್ರತಿ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದ.

"ನೋವಿನ ಇಂಜೆಕ್ಷನ್ ಬಂದ್ ಆತು. ಇನ್ನ ಮ್ಯಾಲ ಸಿಗೂದಿಲ್ಲ. ಹೊಸಾದು ಬಂದೈತಿ, ಅದನ್ನ ನಾನಽ ಬಂದು ಮಾಡತೇನಿ. ಹಳೇ ಬಾಟ್ಲಿ ಇದ್ರ ಕೊಡ್ರಿ."

ಕೆಲವರು ಕೊಟ್ಟರು. ಕೆಲವರು ಎಂದೋ ಮುಗಿಯಿತು ಎಂದರು. ಅವನು ಅವರ ಮಾತು ನಂಬಿದ. ನಂಬದಿರಲು ಕಾರಣವೂ ಇರಲಿಲ್ಲ. ಊರು ಅವನನ್ನು ನಂಬುತ್ತಿತ್ತು, ಅವನು ಊರನ್ನು ನಂಬುತ್ತಿದ್ದ.

ಹೊಸ ಔಷಧದ ಹೆಸರನ್ನು ಭುವನಾಳೇ ಹೇಳಿದ್ದಳು. ಮೆಲಾಕ್ಸಿಕ್ಯಾಮ್. ದನದ ನೋವೂ ಇಳಿಯುತ್ತದೆ, ಹದ್ದಿಗೂ ಏನೂ ಆಗುವುದಿಲ್ಲ. ಗುತ್ತಲದ ಅಂಗಡಿಗಳಲ್ಲಿ ಸಿಗದೆ ಅವನು ರಾಣೆಬೆನ್ನೂರಿಗೆ ಹೋಗಿ ತಂದ. ಫೆಬ್ರುವರಿಯಲ್ಲಿ ಶಮಶೇರಸಾಬನ ಆಕಳು ಕರು ಹಾಕಲಾರದೆ ಸಾಯುವ ಮೊದಲು ಅದನ್ನೇ ಕೊಟ್ಟಿದ್ದ. ಜೋಡಿ ಹದ್ದು ಇಳಿದು ತಿಂದು ಹೋದ ಮೇಲೆ ಮೂರು ದಿನ ಅವನಿಗೆ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಗಂಡುಹದ್ದು ಬಂಡೆಯ ಮೇಲೆ ಗಾಳಿ ಹಿಡಿದು ಸುತ್ತುತ್ತಿರುವುದನ್ನು ಕಂಡು, ಬಯಲಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದ. ಲಕ್ಷ್ಮಪ್ಪ ದೂರದಿಂದ ನೋಡಿ, ಡಾಕ್ಟರಪ್ಪಗ ಏನೋ ಬಡದೈತಿ ಎಂದು ಮನೆಯಲ್ಲಿ ಹೇಳಿದನಂತೆ.

ಆಮೇಲೆ ಅವನಿಗೆ ಅದೇ ಗೀಳಾಯಿತು. ಮುಂಜಾನೆ ದವಾಖಾನೆಯ ಬಾಗಿಲು ತೆರೆಯುವ ಮೊದಲು ಬಂಡೆಯ ಕೆಳಗೆ ಹೋಗಿ ನಿಲ್ಲುತ್ತಿದ್ದ. ಮರಿಗೆ ಬೂದಿ ತುಪ್ಪಳ ಉದುರಿ ಗರಿ ಮೂಡಿತು. ರೆಕ್ಕೆ ಬಡಿದು ಬಡಿದು ಗೂಡಿನ ಕಡ್ಡಿ ಕೆಳಗೆ ಬೀಳಿಸುತ್ತಿತ್ತು. ಭುವನಾ ಅದಕ್ಕೆ ಹೆಸರಿಡಬಾರದು ಎಂದಿದ್ದಳು. ಅವನು ಹೆಸರಿಡಲಿಲ್ಲ, ಆದರೆ ನೋಡಿದಾಗಲೆಲ್ಲ "ಏನಪಾ, ಉಂಡಿ?" ಎಂದು ಕೇಳುತ್ತಿದ್ದ. ಆ ಮರಿ ಹಾರಿದರೆ ತನ್ನ ಹನ್ನೆರಡು ವರ್ಷದ ಪಾಪದಲ್ಲಿ ಒಂದು ಕಾಳಿನಷ್ಟಾದರೂ ಇಳಿಯುತ್ತದೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಯುಗಾದಿಗೆ ಇನ್ನು ಮೂರು ವಾರವಿತ್ತು.

ಅಂಥದರಲ್ಲಿ ಸೋಮವ್ವನ ಎತ್ತು ರಸ್ತೆಗೆಂದು ಗರಸುಮಣ್ಣು ತೆಗೆದ ಗುಂಡಿಗೆ ಬಿತ್ತು. ಸೋಮವ್ವ ಗಂಡ ತೀರಿಕೊಂಡ ಮೇಲೆ ಆ ಜೋಡೆತ್ತಿನ ಮೇಲೆಯೇ ಎಂಟೆಕರೆ ಎರೆ ಹೊಲ ಮಾಡಿದ ಗಟ್ಟಿ ಹೆಂಗಸು. ಎತ್ತನ್ನು ಹತ್ತು ಜನ ಹಗ್ಗ ಹಾಕಿ ಮೇಲೆಳೆದು ಮನೆಯಂಗಳಕ್ಕೆ ತಂದರು. ಕೊಟ್ರೇಶಪ್ಪ ಕೈಯಾಡಿಸಿ ನೋಡಿದ. ಸೊಂಟ ಮುರಿದಿತ್ತು. ಹಿಂಗಾಲು ಸತ್ತಿದ್ದವು. ಎತ್ತು ಕೂಗುತ್ತಿರಲಿಲ್ಲ, ಹಲ್ಲು ಕಡಿಯುತ್ತಿತ್ತು. ಕೂಗುವುದಕ್ಕಿಂತ ಅದು ಕೆಟ್ಟದ್ದು.

"ಉಳಿಯೂದಿಲ್ಲ ಬೇ" ಎಂದ ಮೆಲ್ಲಗೆ.

"ಗೊತ್ತೈತ್ರಿ" ಎಂದಳು ಸೋಮವ್ವ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ನೋವಿಗೆ ಏನರ ಹಾಕ್ರಿ. ಅಷ್ಟಽ ಸಾಕು."

ಹೊಸ ಔಷಧ ಹಿಂದಿನ ವಾರವಷ್ಟೇ ಮುಗಿದಿತ್ತು. ಅವನು ತಲೆ ಚಚ್ಚಿಕೊಂಡ. "ಈಗ ಹನ್ನೊಂದರ ಬಸ್ಸಿಗೆ ಹೋಗಿ ರಾಣೆಬೆನ್ನೂರಿನಿಂದ ತರತೇನಿ. ಮೂರಕ್ಕ ಬಂದುಬಿಡತೇನಿ. ಅಲ್ಲೀತನಕ ತಡಕೋ."

ಬಸ್ಸು ಕುಪ್ಪೇಲೂರು ದಾಟುವುದರೊಳಗೆ ಪಂಕ್ಚರ್ ಆಯಿತು. ರಾಣೆಬೆನ್ನೂರಿನಲ್ಲಿ ಮೊದಲನೆಯ ಅಂಗಡಿಯಲ್ಲಿ ಔಷಧ ಇರಲಿಲ್ಲ, ಎರಡನೆಯದು ಊಟಕ್ಕೆ ಮುಚ್ಚಿತ್ತು. ಅವನು ಬಿಸಿಲಲ್ಲಿ ಬಾಗಿಲ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದ. ತಿರುಗಿ ಕಾರೇಗುಡ್ಡದಲ್ಲಿ ಇಳಿಯುವಾಗ ಸಂಜೆ ಐದೂವರೆ. ಓಡುತ್ತ ಸೋಮವ್ವನ ಅಂಗಳಕ್ಕೆ ಹೋದರೆ ಎತ್ತು ಸುಮ್ಮನೆ ಮಲಗಿತ್ತು. ಹಲ್ಲು ಕಡಿಯುವುದು ನಿಂತಿತ್ತು. ದಣಿದು ಸೋತಿದೆ ಎಂದುಕೊಂಡ. ತಂದ ಔಷಧ ಚುಚ್ಚಿದ. ಸೋಮವ್ವ ಅವನ ಮುಖ ನೋಡದೆ ಎತ್ತಿನ ಕಿವಿ ಸವರುತ್ತ ಕುಳಿತಿದ್ದಳು. ಪಾಪ, ದುಃಖ ಎಂದುಕೊಂಡ.

ಮರುದಿನ ಬೆಳಗಾಗುವಾಗ ಎತ್ತು ಸತ್ತಿತು. ಎಂಟು ಗಂಟೆಗೆ ಲಕ್ಷ್ಮಪ್ಪನ ಚಕ್ಕಡಿ ಹಾಳುಬಯಲಿಗೆ ಹೋಯಿತು. ಹತ್ತಕ್ಕೆ ದೊಡ್ಡ ಹದ್ದುಗಳೆರಡೂ ಇಳಿದವು. ಭುವನಾ ಮತ್ತು ಕೊಟ್ರೇಶಪ್ಪ ಬೇಲಿಯ ಮರೆಯಲ್ಲಿ ಕುಳಿತು ನೋಡಿದರು. ಹೆಣ್ಣುಹದ್ದು ತೊಗಲು ಹರಿಯಿತು, ಗಂಡು ಹೊಟ್ಟೆಗೆ ಕುತ್ತಿಗೆ ಹಾಕಿತು. ಬಿಳಿ ಹದ್ದುಗಳು ಸುತ್ತಲೂ ಕುಪ್ಪಳಿಸುತ್ತ ತಮ್ಮ ಪಾಳಿಗೆ ಕಾದವು. ಹೊಟ್ಟೆ ತುಂಬಿಸಿಕೊಂಡ ದೊಡ್ಡ ಹದ್ದುಗಳು ಓಡಿ ಓಡಿ, ಭಾರಕ್ಕೆ ಏಳಲಾರದೆ, ಕಡೆಗೂ ಎದ್ದು ಬಂಡೆಯ ಕಡೆ ಹೋದವು.

"ಇವತ್ತು ಮರಿಗೆ ಹಬ್ಬ ಕಾಕಾ" ಎಂದಳು ಭುವನಾ.

"ತಿನ್ನಲಿ, ತಿನ್ನಲಿ" ಎಂದ ಕೊಟ್ರೇಶಪ್ಪ. ಅವನ ಕಣ್ಣಲ್ಲಿ ನೀರಿತ್ತು. ಸಂತೋಷದ್ದೇ.

ಎರಡನೆಯ ದಿನ ಸಂಜೆ ಭುವನಾ ದುರ್ಬೀನಿನಿಂದ ಕಣ್ಣು ತೆಗೆಯದೆ, "ಕಾಕಾ, ಇಲ್ಲೊಮ್ಮೆ ಬರ್ರಿ" ಎಂದಳು. ಅವನು ದುರ್ಬೀನು ಇಸಿದುಕೊಂಡು ನೋಡಿದ. ಗೂಡಿನ ಅಂಚಿನಲ್ಲಿ ಹೆಣ್ಣುಹದ್ದು ಕುಳಿತಿತ್ತು. ಕುತ್ತಿಗೆ ಎದೆಯ ಮೇಲೆ ಜೋತುಬಿದ್ದಿತ್ತು. ಮರಿ ಅದರ ಕೊಕ್ಕು ಕುಟುಕಿದಾಗ ತಲೆ ಎತ್ತಿತು, ಮತ್ತೆ ಇಳಿಬಿಟ್ಟಿತು.

ಮೂರನೆಯ ದಿನ ಮುಂಜಾನೆ ಅದು ಬಂಡೆಯ ಬುಡದಲ್ಲಿ, ಒಂದು ರೆಕ್ಕೆ ಮಡಚಿ ಒಂದು ರೆಕ್ಕೆ ಚಾಚಿ ಬಿದ್ದಿತ್ತು. ಮಧ್ಯಾಹ್ನ ಗಂಡು, ಬೇವಿನ ಮರದ ಕೆಳಗೆ. ಕೊಟ್ರೇಶಪ್ಪ ಅದನ್ನು ಎತ್ತಿಕೊಂಡಾಗ ಇನ್ನೂ ಬಿಸಿಯಿತ್ತು. ಇಷ್ಟು ದೊಡ್ಡ ಹಕ್ಕಿ ಇಷ್ಟು ಹಗುರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಅರಣ್ಯ ಇಲಾಖೆಯವರು ಬಂದರು. ಅವರ ಜೊತೆ ಬಂದ ಡಾಕ್ಟರು ದವಾಖಾನೆಯ ಮೇಜಿನ ಮೇಲೆಯೇ ಹಕ್ಕಿಯನ್ನು ಕೊಯ್ದರು. ಒಳಗೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು, ಕಿಡ್ನಿ ಕೆಟ್ಟದ್ದರ ಗುರುತು. ಅವರು ಭುವನಾಳ ಕಡೆ ನೋಡಿ ತಲೆಯಲ್ಲಾಡಿಸಿದರು. ಅವಳು ಹೊರಗೆ ಬಂದು ಕೊಟ್ರೇಶಪ್ಪನ ಮುಂದೆ ನಿಂತಳು.

"ಕಾಕಾ, ಆ ಎತ್ತಿಗೆ ಏನು ಹಾಕೀರಿ?"

"ನೀ ಹೇಳಿದ್ದಽ. ಆಣಿ ಮಾಡತೇನಿ ತಂಗಿ. ಬಾಟ್ಲಿ ತೋರಸತೇನಿ ಬಾ."

ಅವಳು ಬಾಟಲಿಯನ್ನು ನೋಡಿದಳು. ಅದರಲ್ಲಿ ತಪ್ಪಿರಲಿಲ್ಲ. ಅವನನ್ನು ನಂಬಿದಳು. ಅವಳು ನಂಬಿದ್ದೇ ಅವನಿಗೆ ಹೆಚ್ಚು ಚುಚ್ಚಿತು.

ಮರಿಗೆ ಮೇಲಿನಿಂದ ಹಗ್ಗದಲ್ಲಿ ಮಾಂಸ ಇಳಿಸಿ ನೋಡಿದರು. ಮಾಂಸದ ತುಂಡು ಗೂಡಿನ ಹೊರಗೇ ತೂಗಾಡಿತು. ಅಷ್ಟಕ್ಕೇ ಹೆದರಿದ ಮರಿ ಸಂದಿಯ ಒಳಕ್ಕೆ ಸರಿದುಕೊಂಡಿತು. ಬಂಡೆ ಇಳಿಯಬಲ್ಲವರು ದಾಂಡೇಲಿಯಿಂದ ಬರಬೇಕು, ನಾಲ್ಕು ದಿನವಾಗುತ್ತದೆ ಎಂದರು. ಆದರೆ ಅಪ್ಪ ಅವ್ವ ಇಬ್ಬರೂ ತಿಂದದ್ದನ್ನೇ ತಂದು ಅದರ ಬಾಯಿಗೆ ಕಕ್ಕಿದ್ದರಲ್ಲ. ನಾಲ್ಕು ದಿನ ಬೇಕಾಗಲಿಲ್ಲ. ಎರಡೇ ದಿನಕ್ಕೆ, ಮುಂಜಾನೆ ನೋಡಿದರೆ ಗೂಡಿನಲ್ಲಿ ಅಲುಗಾಟ ಇರಲಿಲ್ಲ. ಬಿಸಿಲೇರಿದಾಗ ಬಿಳಿ ಹದ್ದೊಂದು ಹಾರಿ ಬಂದು ಗೂಡಿನ ಅಂಚಿಗೆ ಕುಳಿತಿತು. ಆ ಕಡೆ ಈ ಕಡೆ ನೋಡಿತು. ಕುಪ್ಪಳಿಸಿ ಒಳಗೆ ಹೋಯಿತು. ಭುವನಾ ದುರ್ಬೀನು ಇಳಿಸಿ ಮುಖ ಮುಚ್ಚಿಕೊಂಡಳು. ಕೊಟ್ರೇಶಪ್ಪ ಕಣ್ಣು ಮಿಟುಕಿಸದೆ ನೋಡುತ್ತಲೇ ನಿಂತ.

ಅಲ್ಲಿಂದ ಅವನು ನೆಟ್ಟಗೆ ಸೋಮವ್ವನ ಮನೆಗೆ ಹೋದ. ಸೋಮವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಎದುರುಮನೆಯ ಕರೆವ್ವ ಜೊತೆಗಿದ್ದಳು. ಇಬ್ಬರೂ ಎದ್ದು, "ಬರ್ರಿ ಡಾಕ್ಟರಪ್ಪ, ಕುಂದ್ರಿ" ಎಂದು ಕಂಬಳಿ ಹಾಸಿದರು. ಅವನು ಕುಳಿತುಕೊಳ್ಳಲಿಲ್ಲ.

"ಸೋಮವ್ವ, ನಾ ರಾಣೆಬೆನ್ನೂರಿಗೆ ಹೋದಾಗ ಎತ್ತಿಗೆ ಏನರ ಕೊಟ್ಟಿದ್ದೇನು?"

ಸೋಮವ್ವ ಸೆರಗಿನಿಂದ ಮೊರದ ಅಂಚು ಒರೆಸಿದಳು. "ಬೈತೀರಿ ಅಂತ ಹೇಳಲಿಲ್ರಿ."

"ಏನು ಕೊಟ್ಟಿ?"

"ನಿಮ್ದಽ ಹಳೇ ಇಂಜೆಕ್ಷನ್ರಿ. ಮೂರಾತು, ನಾಲ್ಕಾತು, ನೀವು ಬರಲಿಲ್ಲ. ಅದು ನನ್ನ ಮಾರಿ ನೋಡಿ ಹಲ್ಲು ಕಡ್ಯಾಕತ್ತಿತ್ತು. ನನ್ನ ಹೊಟ್ಟಿಯೊಳಗ ಬೆಂಕಿ ಬಿದ್ದಂಗಾತು. ನೀವಽ ಕಲಿಸಿದ್ರೆಲ್ಲ, ಕುತಿಗಿ ಮಾಂಸಕ್ಕ, ಗಾಳಿ ತಗದು, ಹಂಗಽ ಮಾಡಿದ್ನಿ. ಕೈ ನಡಗಲಿಲ್ರಿ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಅರ್ಧ ತಾಸಿನ್ಯಾಗ ತಣ್ಣಗಾತು. ನೋವು ತಿನ್ನದಂಗ ಹೋತ್ರಿ ನನ್ನ ಎತ್ತು. ನಿಮ್ಮ ಪುಣ್ಯ."

"ಬಾಟ್ಲಿ ಕೊಡು ಅಂತ ನಾ ಕೇಳಾಕ ಬಂದಿದ್ನೆಲ್ಲ! ಮುಗದೈತಿ ಅಂದಿ."

"ಇನ್ನ ಮ್ಯಾಲ ಸಿಗೂದಿಲ್ಲ ಅಂದ್ರೆಲ್ಲರಿ ನೀವು. ಸಿಗಲಾರದ್ದನ್ನ ಯಾರರ ಕೈಯೆತ್ತಿ ಕೊಡತಾರೇನ್ರಿ? ಅಕ್ಕಿ ಡಬ್ಬಿಯೊಳಗ ಮುಚ್ಚಿಟ್ಟಿದ್ನಿ, ಬಂಗಾರ ಇಟ್ಟಂಗ."

"ನಾನೂ ಇಟ್ಟೇನ್ರಿ" ಎಂದಳು ಕರೆವ್ವ, ತಪ್ಪೊಪ್ಪಿಕೊಳ್ಳುವವಳಂತೆ ನಕ್ಕು. "ಉಚ್ಚಂಗೆವ್ವನ ಮನ್ಯಾಗ ಎರಡು ಅದಾವು. ಜೈತೂನಬಿ ಒಂದಿಟ್ಟಾಳ. ನಮ್ಮ ಡಾಕ್ಟರಪ್ಪ ಕೊಟ್ಟಿದ್ದು, ಕಷ್ಟಕಾಲಕ್ಕ ಇರಲಿ ಅಂತ."

ಕೊಟ್ರೇಶಪ್ಪನಿಗೆ ಈಗ ತಿಳಿಯಿತು. ಊರಿಗೆ ಊರೇ ತನ್ನ ಬಾಟಲಿಯನ್ನು ಬಚ್ಚಿಟ್ಟುಕೊಂಡು ಕುಳಿತಿದೆ. ಬಚ್ಚಿಡುವಂತೆ ಮಾಡಿದವನು ತಾನೇ. ಅಂದು ನಾಲ್ಕು ಮಾತು ಹೆಚ್ಚು ಹೇಳಲು ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆಯೇ ಮರಿಯ ಬಾಯಿಗೆ ವಿಷ ಹಾಕಿತ್ತು.

"ಆ ಹದ್ದು ಸತ್ತುವಲ್ಲ" ಎಂದ. "ಆ ಇಂಜೆಕ್ಷನ್ನಿಂದ ಸತ್ತುವು. ನಿಮ್ಮ ಎತ್ತು ತಿಂದು. ಇವೆರಡಽ ಅಲ್ಲ. ಮೊದಲು ನೂರು ಬರ್ತಿದ್ವಲ್ಲ, ಅಷ್ಟೂ ಅದರಿಂದಽ ಸತ್ತುವು. ಹನ್ನೆರಡು ವರ್ಷ ನಾ ಚುಚ್ಚೇನಿ, ಅವು ತಿಂದಾವು. ನಾ ಕೊಂದೇನಿ. ಜನವರಿಯೊಳಗ ನನಗ ಗೊತ್ತಾತು. ನಿಮಗ ಹೇಳಾಕ ಬಾಯಿ ಬರಲಿಲ್ಲ."

ಕರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸೋಮವ್ವ ಒಂದು ಕಾಳನ್ನು ಬೆರಳಲ್ಲಿ ಹಿಡಿದಿದ್ದಳು, ಅದನ್ನು ಬಿಡಲೂ ಇಲ್ಲ, ಬಾಯಿಗೆ ಹಾಕಲೂ ಇಲ್ಲ. ನಂತರ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಸಿಟ್ಟು ಹುಡುಕಿದ ಕೊಟ್ರೇಶಪ್ಪ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತಽ ಹೇಳಬೇಕಿತ್ತಲ್ಲರಿ ಯಪ್ಪಾ" ಎಂದಳು ಸೋಮವ್ವ. "ಎತ್ತಿನ ತಲಿ ನನ್ನ ತೊಡಿಮ್ಯಾಲಽ ಇತ್ತು. ಚುಚ್ಚಲಾರದಽ, ಸಾಯೂತನಕ ಹಂಗಽ ಹಿಡಕೊಂಡು ಕುಂದರತಿದ್ನಿ. ನಮ್ಮ ಅತ್ತಿ ಕುಂತಿದ್ಲು, ಅವರತ್ತಿ ಕುಂತಿದ್ಲು. ನನಗೇನು ಹಂಗ ಕುಂದರಾಕ ಬರತಿದ್ದಿಲ್ಲೇನು?"